ಹಳಸಿದ ಹುಣ್ಣಿಮೆ

ಗಿರಿಧರ ಜೋಯಿಸರಿಗೆ ಯಶೋಧಾಳನ್ನು ಕಂಡರೆ ಆಗುತ್ತಿರಲಿಲ್ಲ. ಯಶೋಧಾಳಿಗೆ ಗಿರಿಧರ ಜೋಯಿಸರನ್ನು ಕಂಡರೆ ಅದರ ಎರಡರಷ್ಟು ಆಗುತ್ತಿರಲಿಲ್ಲ. ಆದರೂ ಸಾಗರದ ಆ ಪ್ರೆಸ್ಸಿನಲ್ಲಿ ಇಬ್ಬರೂ ಹದಿನೆಂಟು ವರ್ಷದಿಂದ ಒಂದೇ ಫ್ಯಾನಿನ ಕೆಳಗೆ ಕೂತಿದ್ದರು. ಅವರನ್ನು ಹಾಗೆ ಕಟ್ಟಿಹಾಕಿದ್ದು ಮೂಲೆಯ ಮೇಜಿನ ಮೇಲಿದ್ದ ಒಂದು ಮುದಿ ಕಂಪ್ಯೂಟರ್.

ಅದರಲ್ಲಿ ಓಎಸ್-ಟೂ ಎಂಬ ವ್ಯವಸ್ಥೆ ಓಡುತ್ತಿತ್ತು. ಪೇಟೆಯ ಬೇರೆ ಯಾವ ಕಂಪ್ಯೂಟರಿಗೂ ಅದರ ಭಾಷೆ ತಿಳಿಯದು, ಅದಕ್ಕೂ ಬೇರೆಯವರ ಭಾಷೆ ಬೇಡ. ಪೆನ್‌ಡ್ರೈವ್ ಚುಚ್ಚಿದರೆ ಗುರುತು ಹಿಡಿಯದು. ಏನು ಕೊಡುವುದಿದ್ದರೂ ಸೀಡಿಗೆ ಬರೆದೇ ಕೊಡಬೇಕು. ಕೆಟ್ಟರೆ ಕೇಳುವುದಕ್ಕೆ ಇದ್ದವರೆಂದರೆ ಭೂಮಿಯ ಬೇರೆ ಬೇರೆ ಮೂಲೆಯಲ್ಲಿ ಕೂತು ಮೇಲಿಂಗ್ ಲಿಸ್ಟ್ ಎಂಬ ಇಮೇಲ್ ಗುಂಪಿನಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುವ ಇನ್ನೂರು ಮುದುಕರು. ಗಿರಿಧರರ ತಂದೆ ವೆಂಕಟ್ರಮಣ ಜೋಯಿಸರು ತೊಂಬತ್ತೈದನೇ ಇಸವಿಯಲ್ಲಿ ಈ ಯಂತ್ರ ತರಿಸಿ, ಪುಸ್ತಕ ಓದಿ ಪ್ರೋಗ್ರಾಮಿಂಗ್ ಕಲಿತು, ತಮ್ಮ ಮನೆತನದ ಪಂಚಾಂಗದ ಗಣಿತವನ್ನೆಲ್ಲ ಅದಕ್ಕೆ ಕಲಿಸಿದ್ದರು. ಕನ್ನಡದ ಅಕ್ಷರ, ಪುಟದ ಗೆರೆ, ಮನೆಗೆ ಬಂದವರೆಲ್ಲ ಹೊಗಳುವ ಆ ರಾಶಿಚಕ್ರದ ಚಿತ್ರ, ಎಲ್ಲವೂ ಅವರದೇ. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಯಂತ್ರದ ಒಳಹೊರಗು ಬಲ್ಲವಳು ಈಗ ಅವರು ಕೈಹಿಡಿದು ಕಲಿಸಿದ ಯಶೋಧಾ ಒಬ್ಬಳೇ. ಮಗ ಗಿರಿಧರರಿಗೆ ಅದನ್ನು ಆನ್ ಮಾಡಲೂ ಬಾರದು. ಸಿಟ್ಟಿನ ಬೇರು ಇದ್ದದ್ದು ಅಲ್ಲೇ. ಯಶೋಧಾಳ ಅಜ್ಜ ಜೋಯಿಸರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು. ಆ ಗದ್ದೆ ಉಳುವವನೇ ಒಡೆಯ ಎಂಬ ಕಾನೂನಿನಿಂದ ಹೋಯಿತು, ಪಂಚಾಂಗ ಕಂಪ್ಯೂಟರಿನಿಂದ ಹೋಯಿತು ಎಂದು ಗಿರಿಧರರು ಯಾರ ಮುಂದೆ ಬೇಕಾದರೂ ಹೇಳುತ್ತಿದ್ದರು, ಅವಳ ಮುಂದೆಯೂ.

ಯಶೋಧಾ ಕೆಲಸ ಬಿಟ್ಟು ಹೋಗಬಹುದಿತ್ತು. ಹೋಗದೆ ಉಳಿದದ್ದಕ್ಕೆ ಕಾರಣ ಅವಳ ಅಪ್ಪ ಹೂವಯ್ಯ.

ಹೊಸನಗರದ ಕಡೆಯ ಅವರ ಊರಿನಲ್ಲಿ ಭೂಮಿ ಹುಣ್ಣಿಮೆ ಎಂದರೆ ವರ್ಷದ ದೊಡ್ಡ ಹಬ್ಬ. ಹೊಡೆ ತುಂಬಿದ ಭತ್ತದ ಗದ್ದೆ ಬಸುರಿ ಹೆಂಗಸು ಇದ್ದ ಹಾಗೆ. ಅವಳ ಬಯಕೆ ತೀರಿಸಬೇಕು. ಚಿತ್ರ ಬರೆದ ಬುಟ್ಟಿಯಲ್ಲಿ ಕಡುಬು, ಬಗೆಬಗೆಯ ಸೊಪ್ಪಿನ ಅಡುಗೆ ಹೊತ್ತು ಸೂರ್ಯ ಮೂಡುವ ಹೊತ್ತಿಗೆ ಗದ್ದೆಗೆ ಹೋಗಿ ಬಡಿಸಬೇಕು. ಆ ದಿನ ಯಾವುದು ಎಂದು ಹೇಳುವವನು ಹೂವಯ್ಯ, ಮೊದಲ ಬುಟ್ಟಿ ಎತ್ತುವವನೂ ಅವನೇ. ಅಮಾವಾಸ್ಯೆಯಿಂದ ದಿನಾ ಸಂಜೆ ಚಂದ್ರನನ್ನು ನೋಡಿ ಭತ್ತ ತುಂಬಿಡುವ ಪಣತದ ಗೋಡೆಗೆ ಕೆಮ್ಮಣ್ಣಿನಲ್ಲಿ ಒಂದೊಂದು ಗೀಟು ಎಳೆಯುತ್ತಿದ್ದ. ಗದ್ದೆಯ ಬದುವಿನ ಮೇಲೆ ನಿಂತರೆ ಮೂಡಲಲ್ಲಿ ಸೂರ್ಯ, ಪಡುವಲಲ್ಲಿ ಚಂದ್ರ, ಎರಡೂ ಒಟ್ಟಿಗೆ ಕಾಣಬೇಕು. ಅದು ಹುಣ್ಣಿಮೆಯ ಬೆಳಗು. ಅವನ ಶಾಸ್ತ್ರ ಇಷ್ಟೇ.

ಹದಿನಾಲ್ಕು ವರ್ಷದ ಹಿಂದೆ ಪಂಚಾಂಗ ಒಂದು ದಿನ ಹೇಳಿತು, ಹೂವಯ್ಯ ಅದರ ಮರುದಿನ ಹೇಳಿದ. ಊರಿನ ಮುಖಂಡ ಭೂತಪ್ಪನ ಮನೆಯಂಗಳದಲ್ಲಿ ಊರು ಸೇರಿತ್ತು. ಹಬ್ಬಕ್ಕೆಂದು ತವರಿಗೆ ಬಂದಿದ್ದ ಯಶೋಧಾ ಪಂಚಾಂಗದ ಪುಟ ಬಿಡಿಸಿ ಎಲ್ಲರಿಗೂ ತೋರಿಸಿದ್ದಳು. "ಅಪ್ಪಂಗೆ ವಯಸ್ಸಾತು, ಎಣಿಕೆ ತಪ್ತದೆ. ಇದನ್ನ ನನ್ನ ಕೈಯಾರೆ ಪ್ರಿಂಟ್ ಮಾಡಿದೀನಿ, ತಪ್ಪಾಗಕ್ಕೆ ಸಾಧ್ಯನೇ ಇಲ್ಲ" ಅಂದಿದ್ದಳು. ಊರು ಪುಸ್ತಕ ಹೇಳಿದ ದಿನ ಗದ್ದೆಗೆ ಹೋಯಿತು. ಹೂವಯ್ಯ ಮರುದಿನ ಒಬ್ಬನೇ ಬುಟ್ಟಿ ಹೊತ್ತು ಹೋದ. ಆ ವರ್ಷ ಗದ್ದೆಗೆ ಬೆಂಕಿರೋಗ ಬಿತ್ತು. ಭೂಮ್ತಾಯಿಗೆ ಹಳಸಿದ ಹುಣ್ಣಿಮೆ ಬಡಿಸಿದ್ದಕ್ಕೇ ಹೀಗಾಯಿತು ಎಂದು ಭೂತಪ್ಪ ಊರೆಲ್ಲ ಹೇಳಿಕೊಂಡು ಬಂದ. ಅಂದಿನಿಂದ ಅವನಿಗೆ ಹಳಸ್ಲು ಹೂವಯ್ಯ ಎಂಬ ಹೆಸರೇ ಬಿತ್ತು. ಅವನು ಮತ್ತೆ ಗೋಡೆಗೆ ಗೀಟು ಎಳೆಯಲಿಲ್ಲ, ಬುಟ್ಟಿ ಮುಟ್ಟಲಿಲ್ಲ. ಮಗಳನ್ನು ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟ. "ಪ್ರೆಸ್ಸಿನೋಳು ಬಂದಾಳೆ, ಕಾಪಿ ಕೊಡು" ಎಂದು ಸೊಸೆಗೆ ಹೇಳುವುದು, ಅಷ್ಟೇ.

ಹಳಸ್ಲು, ಪ್ರೆಸ್ಸಿನೋಳು, ಈ ಎರಡು ಶಬ್ದ ಯಶೋಧಾಳ ಎದೆಯಲ್ಲಿ ಕೂತಿದ್ದವು. ಅಪ್ಪ ತಪ್ಪು, ನಾನು ಸರಿ. ಹಾಗಿದ್ದಮೇಲೆ ಅಪ್ಪ ಯಾಕೆ ಮುನಿಯಬೇಕು ಎಂದು ಮೊದಮೊದಲು ಅವಳಿಗೂ ಸಿಟ್ಟಿತ್ತು. ಆಮೇಲಾಮೇಲೆ ಸಿಟ್ಟು ಕರಗಿ ಬರೀ ಹಟ ಉಳಿಯಿತು. ಆ ಯಂತ್ರ ಬಿಟ್ಟು ಹೋದರೆ ತಾನು ಅಂದದ್ದು ಸುಳ್ಳಾದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಈ ವರ್ಷ ಹಬ್ಬ ಕಳೆದು ವಾರವಾಗಿತ್ತು. ಹಳೆಯ ಪ್ರಿಂಟರಿನ ಡ್ರಮ್ಮು ಸವೆದು ಪುಟದ ತುಂಬ ಕಪ್ಪು ಗೆರೆ ಬೀಳತೊಡಗಿತು. ಆ ಪ್ರಿಂಟರಿನ ಕಂಪನಿ ಮುಚ್ಚಿಯೇ ಎಷ್ಟೋ ವರ್ಷವಾಗಿತ್ತು. ಇಲ್ಲಿ ತೆಗೆದ ಪುಟದಿಂದ ಪಂಚಾಂಗ ಅಚ್ಚು ಹಾಕುತ್ತಿದ್ದ ಶಿವಮೊಗ್ಗದವರು, ಇನ್ನು ಪೀಡಿಎಫ್ ಫೈಲು ಕೊಟ್ಟರೆ ಮಾತ್ರ ತಗೊಳ್ತೀವಿ ಎಂದರು.

"ಎಷ್ಟು ದಿನ ಬೇಕು?" ಎಂದರು ಗಿರಿಧರರು, ಕನ್ನಡಕದ ಮೇಲಿನಿಂದ ನೋಡುತ್ತ.

"ಆ ವ್ಯವಸ್ಥೆಗೆ ಪೀಡಿಎಫ್ ಮಾಡೋ ಲೈಬ್ರರಿ, ಅಂದ್ರೆ ಸಿದ್ಧ ಪ್ರೋಗ್ರಾಂ ಗಂಟು, ಇಲ್ಲ. ಬೇರೆದಕ್ಕೆ ಬರೆದಿದ್ದನ್ನ ತಂದು ಇದಕ್ಕೆ ಒಗ್ಗಿಸ್ಬೇಕು. ಒಂದು ತಿಂಗಳು."

"ಕುಣಿಯಲಾರದವಳಿಗೆ ನೆಲ ಡೊಂಕು. ನಮ್ಮಪ್ಪ ಆಗಿದ್ರೆ ನಾಲ್ಕು ದಿನದಲ್ಲಿ ಮಾಡ್ತಿದ್ರು."

"ನಿಮ್ಮಪ್ಪ ಇಲ್ಲ. ನೀವು ಮಾಡ್ತೀರಾದ್ರೆ ಕುರ್ಚಿ ಖಾಲಿ ಮಾಡ್ತೀನಿ" ಎಂದಳು ಯಶೋಧಾ. ಗಿರಿಧರರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಒಂದು ತಿಂಗಳು ಅವಳಿಗೂ ಆ ಯಂತ್ರಕ್ಕೂ ಜಟಾಪಟಿ ನಡೆಯಿತು. ಮೊದಲು ಆ ಲೈಬ್ರರಿ ಕಂಪೈಲ್ ಆಗಲೇ ಇಲ್ಲ, ಯಂತ್ರ ಅದನ್ನು ತನ್ನ ಭಾಷೆಗೆ ಇಳಿಸಿಕೊಳ್ಳಲು ಒಪ್ಪಲಿಲ್ಲ. ಫೈಲಿನ ಹೆಸರು ಉದ್ದವಾಯಿತು ಎಂದು ಒಮ್ಮೆ ಸತ್ತಿತು, ಮೆಮೊರಿ ಸಾಲದು ಎಂದು ಒಮ್ಮೆ ಸತ್ತಿತು, ಯಾಕೆಂದು ಹೇಳದೆ ಹನ್ನೊಂದು ಸಲ ಸತ್ತಿತು. ಮೇಲಿಂಗ್ ಲಿಸ್ಟಿನ ಮುದುಕನೊಬ್ಬ, ಹಳೆ ಕಂಪೈಲರ್ ಇಟ್ಟುಕೊಂಡು ಹೊಸ ಪ್ರೋಗ್ರಾಂ ಕಟ್ಟಲು ಹೊರಟವರಿಗೆ ಸಹಾಯ ಮಾಡುವುದಿಲ್ಲ ಎಂದು ಬರೆದು, ಅದೇ ಇಮೇಲಿನ ಕೊನೆಯಲ್ಲಿ ಮದ್ದನ್ನೂ ಹೇಳಿದ್ದ. ಕೊನೆಗೊಂದು ಮಧ್ಯಾಹ್ನ ಪೀಡಿಎಫ್ ಫೈಲು ಹೊರಬಂತು. ಒತ್ತಕ್ಷರ ಕೂಡ ಅದರದರ ಜಾಗದಲ್ಲಿ ಕೂತಿತ್ತು. ಯಶೋಧಾ ಎದ್ದು ಹೋಗಿ ಒಂದು ಗ್ಲಾಸು ನೀರು ಕುಡಿದು ಬಂದಳು. ಅವಳ ಸಂಭ್ರಮವೆಂದರೆ ಅಷ್ಟೇ.

ಪರೀಕ್ಷೆಗೆಂದು ಕಳೆದ ಇಪ್ಪತ್ತು ವರ್ಷದ ಪಂಚಾಂಗವನ್ನೆಲ್ಲ ಹೊಸ ದಾರಿಯಲ್ಲಿ ತೆಗೆಸಿ, ಕಪಾಟಿನಲ್ಲಿದ್ದ ಹಳೆಯ ಅಚ್ಚಿನ ಪುಸ್ತಕಗಳ ಪಕ್ಕ ಇಟ್ಟು ಸಾಲು ಸಾಲು ಹೋಲಿಸಿದಳು. ತಿಥಿ ಮುಗಿಯುವ ವೇಳೆ ಎಲ್ಲ ಕಡೆಯೂ ಮೂರು ನಾಲ್ಕು ನಿಮಿಷ ಆಚೀಚೆ ಇತ್ತು. ನಾಲ್ಕು ಕಡೆ ಮಾತ್ರ ಆ ನಿಮಿಷ ಸೂರ್ಯೋದಯದ ಗೆರೆ ದಾಟಿ, ತಿಥಿಯ ದಿನವನ್ನೇ ಬದಲಿಸಿತ್ತು.

ತಾನು ಒಗ್ಗಿಸಿದ ಲೈಬ್ರರಿಯಲ್ಲೇ ತಪ್ಪು ಎಂದು ಅವಳು ಸಹಜವಾಗಿಯೇ ನಂಬಿದಳು. ಒಂಬತ್ತು ದಿನ ಅದನ್ನೇ ಬಿಚ್ಚಿ, ಜೋಡಿಸಿ, ಮತ್ತೆ ಬಿಚ್ಚಿದಳು. ಹತ್ತನೆಯ ದಿನ ಬೇಸತ್ತು, ಏನನ್ನೂ ಮುದ್ರಿಸದೆ ವೆಂಕಟ್ರಮಣ ಜೋಯಿಸರ ಹಳೆಯ ಪ್ರೋಗ್ರಾಮನ್ನೇ ತೆರೆದು ಪರದೆಯ ಮೇಲೆ ನೋಡಿದಳು. ಪರದೆ ಹೊಸ ಫೈಲಿನ ಅಂಕಿಯನ್ನೇ ತೋರಿಸಿತು. ಹಳೆಯ ಪ್ರಿಂಟರಿಗೆ ಒಂದು ಪುಟ ಕಳಿಸಿ, ತಿರುಗಿ ಬಂದು ಪರದೆ ನೋಡಿದಳು. ಅಂಕಿ ಬದಲಾಗಿತ್ತು.

ಆ ಪ್ರಿಂಟರನ್ನು ಓಡಿಸುವ ಡ್ರೈವರ್ ಎಂಬ ಪ್ರೋಗ್ರಾಂ ಎದ್ದ ಕೂಡಲೇ ಯಂತ್ರದ ಗಣಿತದ ಚಿಪ್ಪಿಗೆ, ಹದಿನೈದು ಅಂಕಿಯ ಲೆಕ್ಕ ಬೇಡ, ಏಳು ಸಾಕು ಎಂದು ಹೇಳಿಬಿಡುತ್ತಿತ್ತು. ಕೆಲಸ ಮುಗಿದಮೇಲೆ ಅದನ್ನು ಮೊದಲಿನಂತೆ ಮಾಡಿಡುವುದನ್ನು ಡ್ರೈವರ್ ಬರೆದ ಪುಣ್ಯಾತ್ಮ ಮರೆತಿದ್ದ. ಜೋಯಿಸರ ಪ್ರೋಗ್ರಾಂ ಮುದ್ರಿಸುವಾಗ ಪ್ರತಿ ಪುಟವನ್ನೂ ಹೊಸದಾಗಿ ಲೆಕ್ಕ ಹಾಕುತ್ತಿದ್ದರಿಂದ ಕಾಗದಕ್ಕೆ ಬರುತ್ತಿದ್ದುದು ಆ ಮೊಂಡು ಲೆಕ್ಕ. ಇಷ್ಟು ವರ್ಷ ಯಾರಿಗೂ ಯಾಕೆ ತಿಳಿಯಲಿಲ್ಲ? ಆ ಮನೆಯ ಪದ್ಧತಿ ಹಾಗಿತ್ತು. ಒಮ್ಮೆ ಗಣಿಸಿ ಪೂಜೆಗಿಟ್ಟ ಪಂಚಾಂಗವನ್ನು ಮತ್ತೆ ಗಣಿಸಬಾರದು. ವೆಂಕಟ್ರಮಣ ಜೋಯಿಸರು ಪರದೆಯ ಮೇಲೆ ಒಂದೊಂದು ಅಂಕಿಯನ್ನೂ ಬೆರಳಿಟ್ಟು ತಾಳೆ ನೋಡಿ, ಯಂತ್ರಕ್ಕೆ ಕುಂಕುಮ ಹಚ್ಚಿ, ಮುದ್ರಿಸು ಎನ್ನುತ್ತಿದ್ದರು. ಕಾಗದ ಹೊರಬಂದಮೇಲೆ ಕಾಗುಣಿತ ನೋಡುತ್ತಿದ್ದರೇ ಹೊರತು ಅಂಕಿಯನ್ನು ನೋಡುತ್ತಿರಲಿಲ್ಲ. ಯಶೋಧಾಳೂ ಅದನ್ನೇ ಪಾಲಿಸಿದಳು.

ನಾಲ್ಕು ದಿನಗಳಲ್ಲಿ ಮೂರಕ್ಕೆ ಯಾರ ಹಬ್ಬವೂ ಇರಲಿಲ್ಲ. ನಾಲ್ಕನೆಯದು ಹದಿನಾಲ್ಕು ವರ್ಷದ ಹಿಂದಿನ ಭೂಮಿ ಹುಣ್ಣಿಮೆ. ಸೂರ್ಯೋದಯ ಆರು ಹದಿನೆಂಟಕ್ಕೆ. ಹುಣ್ಣಿಮೆ ಮುಗಿಯುವುದು ಪುಸ್ತಕದಲ್ಲಿ ಆರು ಹದಿನಾರು, ನಿಜದಲ್ಲಿ ಆರು ಇಪ್ಪತ್ತು. ಸೂರ್ಯ ಮೂಡುವಾಗ ಇರುವ ತಿಥಿಯೇ ದಿನದ ತಿಥಿ, ಆಗ ಹುಣ್ಣಿಮೆ ಇನ್ನೂ ಇತ್ತು. ಹಬ್ಬ ಅಪ್ಪ ಹೇಳಿದ ದಿನವೇ.

ಯಶೋಧಾಳಿಗೆ ಅಪ್ಪನ ಮುಖವೇ ಕಣ್ಣ ಮುಂದೆ ನಿಂತಿತು, ಹದಿನಾಲ್ಕು ವರ್ಷದ ಹಿಂದಿನ ಮುಖ. ನಾಚಿಕೆಯಿಂದ ಸಾಯುವ ಹಾಗಾಯಿತು.

"ತಿದ್ದೋಲೆ ಹಾಕ್ಬೇಕು" ಎಂದು ಅವಳು ಗಿರಿಧರರ ಮೇಜಿನ ಮೇಲೆ ಎರಡೂ ಪುಟ ಇಟ್ಟಳು. "ಈ ಸಲದ ಪಂಚಾಂಗದ ಮೊದಲ ಪುಟದಲ್ಲಿ. ಆ ವರ್ಷದ ಭೂಮಿ ಹುಣ್ಣಿಮೆ ತಪ್ಪಾಗಿತ್ತು ಅಂತ."

ಗಿರಿಧರರು ಪೂರ್ತಿ ಕೇಳಿದರು. ಅರ್ಥವಾಗದವರ ಹಾಗೆ ಕೇಳಲಿಲ್ಲ, ಚೆನ್ನಾಗಿ ಅರ್ಥವಾದವರ ಹಾಗೆಯೇ ಕೇಳಿದರು. ಆಮೇಲೆ ಒಳಗಿನ ಕೋಣೆಯಲ್ಲಿ ಪುಸ್ತಕಕ್ಕೆ ದಾರ ಹಾಕುತ್ತಿದ್ದ ಹೆಂಡತಿಯನ್ನು ಮನೆಮಾತಿನ ಹವಿಗನ್ನಡದಲ್ಲಿ ಕರೆದರು. "ಮಹಾಲಕ್ಷ್ಮೀ, ಕೇಳ್ದ್ಯನೇ? ಅಪ್ಪಯ್ಯನ ಪಂಚಾಂಗ ತಪ್ಪು ಹೇಳ್ತು ಈ ಯಶೋಧಾ. ಎಂಗೊ ಎಲ್ಲ ಕೇಳ್ಕಂಡು ಸುಮ್ನೆ ಕೂರವು!"

"ತಪ್ಪು ಇದ್ದರೆ ಇದ್ದು ಹೇಳಿ ಮುಗ್ಸಿ. ಎಂತಕ್ಕೆ ಜಗಳ?" ಎಂದರು ಒಳಗಿನಿಂದ ಮಹಾಲಕ್ಷ್ಮೀ.

"ನಿಂಗೆ ಗೊತ್ತಾಗ್ತಿಲ್ಲೆ, ಸುಮ್ನಿರು" ಎಂದು ಗಿರಿಧರರು ಯಶೋಧಾಳ ಕಡೆ ತಿರುಗಿದರು. "ನೀನು ನಾಲ್ಕು ದಿನ ಅಂತೀಯ, ಜನ ನಾಲ್ಕು ಸಾವಿರ ಅಂತಾರೆ. ನಮ್ಮ ಮದುವೆ ಮುಹೂರ್ತ ತಪ್ಪಿತ್ತು, ನಮ್ಮಪ್ಪನ ತಿಥಿ ತಪ್ಪಿತ್ತು ಅಂತ ನಾಳೆಯಿಂದ ಇಲ್ಲಿ ಸಾಲು ನಿಲ್ತಾರೆ. ನಿನ್ನಪ್ಪನ ಒಂದು ಬುಟ್ಟಿ ಕಡುಬಿಗೆ ನಮ್ಮಪ್ಪನ ಹೆಸರು ಬಲಿಕೊಡ್ಬೇಕಾ?"

"ಹೆಸರು ಕೆಡೋದು ನಿಮ್ಮಪ್ಪಂದಲ್ಲ. ಅವ್ರ ಲೆಕ್ಕ ಸರಿಯಾಗೇ ಇತ್ತು. ಡ್ರೈವರ್ ತಪ್ಪು."

"ಹೊರಗೆ ಹೋಗಿ ಡ್ರೈವರ್ ತಪ್ಪು ಅನ್ನು. ಯಾವ ಬಸ್ಸಿಂದು ಅಂತ ಕೇಳ್ತಾರೆ."

ಆ ಮಾತಿಗೆ ಯಶೋಧಾ ಕಂಪ್ಯೂಟರ್ ಆರಿಸಿ ಚೀಲ ಹೆಗಲಿಗೇರಿಸಿ ಹೊರಟಳು. ತಿದ್ದೋಲೆ ಇಲ್ಲದಿದ್ದರೆ ಫೈಲೂ ಇಲ್ಲ. ಗಿರಿಧರರು ಸೋಲುವ ಜಾತಿಯವರಲ್ಲ. ಮರುದಿನವೇ ಶಿವಮೊಗ್ಗದಿಂದ ಕೃಷ್ಣಕುಮಾರ್ ಎಂಬ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದರು. ಅವನು ಯಂತ್ರದ ಮುಂದೆ ಅರ್ಧ ಗಂಟೆ ಕೂತು, ಒಂದು ಕಿಟಕಿ ತೆರೆದು ಅದನ್ನು ಮುಚ್ಚುವುದು ಹೇಗೆಂದು ಗೊತ್ತಾಗದೆ, "ಸಾರ್, ಇದನ್ನ ಮ್ಯೂಸಿಯಮ್ಮಿಗೆ ಕೊಡಿ, ಒಳ್ಳೆ ಜಾಗ ಸಿಗ್ತದೆ" ಎಂದು ಟೀ ಕುಡಿದು ಹೋದ. ಐದನೆಯ ದಿನ ಗಿರಿಧರರು ತಾವೇ ಯಶೋಧಾಳ ಮನೆ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು.

"ಹಾಕ್ತೀನಿ. ಮೊದಲ ಪುಟದಲ್ಲೇ ಹಾಕ್ತೀನಿ. ಆದ್ರೆ ಹೀಗೆ."

ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಆ ವರ್ಷದ ಭೂಮಿ ಹುಣ್ಣಿಮೆಯ ದಿನವು ಮುದ್ರಣದ ಕೆಲಸದಲ್ಲಿದ್ದ ಶ್ರೀಮತಿ ಯಶೋಧಾ ಅವರ ಕೈತಪ್ಪಿನಿಂದ ಒಂದು ದಿನ ಹಿಂದಾಗಿ ಅಚ್ಚಾಗಿತ್ತು. ಓದುಗರು ಮನ್ನಿಸಬೇಕು.

ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿದ ಗಾದೆ ಯಶೋಧಾಳಿಗೆ ಗೊತ್ತಿಲ್ಲದ್ದಲ್ಲ. ಮೇಕೆಯೇ ಮೂತಿ ಒಡ್ಡಿದರೆ ಗಾದೆ ಏನು ಮಾಡೀತು? ಅವಳಿಗೆ ಬೇಕಾಗಿದ್ದುದು ಒಂದೇ. ಅಪ್ಪ ಹೇಳಿದ ದಿನ ಸರಿ ಎಂದು ಪುಸ್ತಕದಲ್ಲಿ ಬರಬೇಕು, ಅಪ್ಪ ಒಮ್ಮೆ ತನ್ನ ಹೆಸರು ಹಿಡಿದು ಕರೆಯಬೇಕು. ತಪ್ಪು ಯಾರ ತಲೆಗೆ ಬಂದರೇನು?

"ನಾಳೆ ಟೈಪ್ ಮಾಡ್ತೀನಿ" ಎಂದಳು.

"ಗೊತ್ತಿತ್ತು" ಎಂದು ಗಿರಿಧರರು ಚಪ್ಪಲಿ ಮೆಟ್ಟಿದರು. ಅವರ ಮುಖದಲ್ಲಿ ಗೆದ್ದ ಖುಷಿ ಕಾಣುತ್ತಿತ್ತು. ಯಶೋಧಾಳಿಗೆ ಆ ಮುಖಕ್ಕೆ ಬಾಗಿಲು ಬಡಿಯಬೇಕೆನ್ನಿಸಿತು. ಬಡಿದಳು.

ಅಚ್ಚಿಗೆ ಕಳಿಸುವ ಮುಂಚಿನ ಕರಡು ಪುಟ ಹಿಡಿದುಕೊಂಡು ಭಾನುವಾರ ಬೆಳಗಿನ ಬಸ್ಸಿಗೆ ಊರಿಗೆ ಹೋದಳು. ಕೊಯ್ಲು ಮುಗಿದು ಅಣ್ಣ ಕನ್ನಪ್ಪನೂ ಅತ್ತಿಗೆಯೂ ಕಣದಲ್ಲಿ ಹುಲ್ಲು ಒಟ್ಟುತ್ತಿದ್ದರು. ಹೂವಯ್ಯ ಜಗಲಿಯಲ್ಲಿ ಕೂತು ಬೆತ್ತ ಸೀಳುತ್ತಿದ್ದ. ಎಪ್ಪತ್ತೆಂಟಾದರೂ ಕತ್ತಿ ಹಿಡಿದ ಕೈ ಅಲುಗುತ್ತಿರಲಿಲ್ಲ.

"ಪ್ರೆಸ್ಸಿನೋಳು ಬಂದಾಳೆ" ಎಂದ, ಕಣದ ಕಡೆ ತಿರುಗಿ.

ಯಶೋಧಾ ಕರಡನ್ನು ಅವನ ಮುಂದೆ ಇಟ್ಟಳು. "ಓದು ಅಪ್ಪ."

ಅವನು ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಬೆರಳಿಟ್ಟುಕೊಂಡು, ತುಟಿ ಆಡಿಸುತ್ತ, ನಿಧಾನವಾಗಿ ಓದಿದ. ಕೊನೆ ಮುಟ್ಟಿ ಮತ್ತೆ ಮೊದಲಿಂದ ಓದಿದ.

"ನಿನ್ನ ಕೈತಪ್ಪು ಅಂತ ಬರ್ದಾರೆ. ಹೌದಾ?"

ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಕಣ್ಣಿನ ಮುಂದೆ ಅವಳಿಗೆ ಸುಳ್ಳು ಬರಲಿಲ್ಲ. "ಅಲ್ಲ ಅಪ್ಪ. ಮಿಷನ್ನಿಂದು. ಜೋಯಿಸ್ರ ಹೆಸರು ಉಳೀಲಿ ಅಂತ ನನ್ನ ಹೆಸರು ಹಾಕ್ಸಿದ್ರು. ನೀ ಹೇಳಿದ ದಿನ ಸರಿ ಅಂತ ಬಂತಲ್ಲ, ಸಾಕು ಅಂತ ಒಪ್ಕಂಡೆ."

"ಅಂದ್ರೆ ಈ ಪುಸ್ತಕನೂ ಸುಳ್ಳೇ."

"ದಿನ ಸುಳ್ಳಲ್ಲ."

"ದಿನ ಸುಳ್ಳಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು" ಎಂದ ಹೂವಯ್ಯ. ಕತ್ತಿ ಕೆಳಗಿಟ್ಟ. "ಬದು ಮೇಲೆ ನಿಂತು ಎರಡು ಕಣ್ಣಲ್ಲಿ ಎರಡನ್ನೂ ನೋಡಿದ್ದೆ. ಹದಿನಾಕು ವರ್ಷದಾಗೆ ಒಂದಿನ ಬಂದು ಕೇಳಿದ್ಯಾ, ಅಪ್ಪ, ನೀ ಎಂತ ನೋಡ್ದೆ ಅಂತ? ಮಿಷನ್ ಹೇಳಿದ ಮೇಲೆ ಓಡಿ ಬಂದೀಯ. ನಾಳೆ ಅದು ಮತ್ತೆ ತಿರುಗಿಸಿ ಹೇಳಿದ್ರೆ ಮತ್ತೆ ನಾ ಹಳಸ್ಲು."

ಯಶೋಧಾಳ ಕಣ್ಣು ತುಂಬಿಕೊಂಡಿತು.

"ಅಳ್ಬೇಡ, ಅತ್ರೆ ನಂಗೆ ಆಗಲ್ಲ" ಎಂದು ಅವನು ಕರಡನ್ನು ಅವಳ ಕಡೆಗೆ ನೂಕಿದ. "ಅವತ್ತು ಭೂತಪ್ಪನ ಅಂಗಳದಾಗೆ ನಿಂತು, ಅಪ್ಪಂಗೆ ಎಣಿಕೆ ಬರಲ್ಲ ಅಂದ್ಯಲ್ಲ, ಪುಸ್ತಕದಾಗೆ ಬರ್ದಿದ್ಯಾ? ಬಾಯಲ್ಲಿ ಹೇಳ್ದೆ. ಬಾಯಲ್ಲಿ ಹೇಳಿದ್ದನ್ನ ಬಾಯಲ್ಲೇ ತಿದ್ಬೇಕು. ಆಗ್ತದಾ? ಆಗಲ್ಲ ಅಂದ್ರೆ ಹನ್ನೊಂದು ಗಂಟೆಗೆ ಬಸ್ಸೈತೆ."

ಅವನು ಮತ್ತೆ ಬೆತ್ತಕ್ಕೆ ಕೈ ಹಾಕಿದ. ಯಶೋಧಾ ಕರಡನ್ನು ಎತ್ತಿಕೊಂಡು ನಾಲ್ಕು ಚೂರು ಮಾಡಿ, ಬಚ್ಚಲ ಒಲೆಗೆ ಹಾಕಿ ಹೊರಬಿದ್ದಳು. ಮೂರು ಗದ್ದೆ ದಾಟಿದರೆ ಭೂತಪ್ಪನ ಮನೆ. ಹನ್ನೊಂದು ಸಲ ಸತ್ತ ಪ್ರೋಗ್ರಾಮಿನ ಮುಂದೆ ಕೂರುವಾಗಲೂ ಅವಳಿಗೆ ಇಷ್ಟು ಹೆದರಿಕೆ ಆಗಿರಲಿಲ್ಲ.

ಭೂತಪ್ಪನ ಅಂಗಳದಲ್ಲಿ ಏಳೆಂಟು ಜನ ಭತ್ತ ತೂರುತ್ತಿದ್ದರು. ಹೂವಯ್ಯನ ಮನೆಯವರು ಆ ಅಂಗಳಕ್ಕೆ ಕಾಲಿಟ್ಟು ಹದಿನಾಲ್ಕು ವರ್ಷವಾಗಿತ್ತು. ಎಲ್ಲರ ಕೈಯೂ ನಿಂತಿತು. ಭೂತಪ್ಪ ಮೊರ ಕೆಳಗಿಡದೆ ಕೇಳಿದ: "ಎಂತ ಬಂದಿದ್ದು?"

"ಆ ವರ್ಷ ಹುಣ್ಣಿಮೆ ನಮ್ಮಪ್ಪ ಹೇಳಿದ ದಿನನೇ ಇತ್ತು. ಇಲ್ಲೇ ನಿಂತು ನಾ ಹೇಳಿದ್ದು ತಪ್ಪು. ನೀವೆಲ್ಲ ಹೋಗಿದ್ದು ಹಿಂದಿನ ದಿನ. ನಮ್ಮಪ್ಪ ಹಳಸಿದ್ದು ಬಡಿಸ್ಲಿಲ್ಲ."

ಯಾರೋ ನಕ್ಕರು. ಭೂತಪ್ಪ ನಗಲಿಲ್ಲ. ಅವಳನ್ನು ಮೇಲಿಂದ ಕೆಳಗೆ ನೋಡಿ, ಖಾಲಿ ಕೈಗಳನ್ನು ನೋಡಿ ಕೇಳಿದ. "ಪುಸ್ತಕದಾಗೆ ಹಾಕ್ಯಾರಾ? ಎಲ್ಲಿ, ತೋರ್ಸು."

"ಪುಸ್ತಕದಾಗೆ ಇಲ್ಲ ಭೂತಪ್ಪಣ್ಣ" ಎಂದಳು ಯಶೋಧಾ. "ನಮ್ಮಪ್ಪ ಕಣ್ಣಾರೆ ನೋಡ್ಯಾನೆ."